ಚೀಟಿ ಬರೆದು ಹಾಕುವ ಬೆಂಕಿ

ಹುರುಳಿ ಒಕ್ಕಣೆ ಮುಗೀತು, ಕಾಡಂಚಿನ ಹುಲ್ಲು ಒಣಗಿ ನಿಂತಿದೆ. ಇನ್ನು ಮೂರು ತಿಂಗಳು ನಮ್ಮ ಕಡೆ ಬೆಂಕಿಯದ್ದೇ ಮಾತು. ಬೆಟ್ಟದಲ್ಲಿ ಹೊಗೆ ಎದ್ದರೆ ಮೊದಲು ಕೇಳೋದು "ಯಾವ ಊರಿನೋರು ಹಾಕಿದ್ರು" ಅಂತ. ಡೈರಿ ಹತ್ರ ಈ ಮಾತು ಬಂದಾಗೆಲ್ಲ ಎರಡು ಗುಂಪು ಆಗುತ್ತೆ. ಕಾಡಿಗೆ ಬೆಂಕಿ ಬೀಳಲೇಬಾರದು ಅನ್ನೋರು ಒಂದು ಕಡೆ. ಹಿಂದೆ ಸೋಲಿಗರು ವರ್ಷಾ ವರ್ಷ ಹಾಕ್ತಿದ್ರು, ಆಗ ಕಾಡು ಇದಕ್ಕಿಂತ ಚೆನ್ನಾಗಿತ್ತು ಅನ್ನೋರು ಇನ್ನೊಂದು ಕಡೆ. ಇದೇ ಜಗಳ ನೂರೈವತ್ತು ವರ್ಷದಿಂದ ದೊಡ್ಡ ದೊಡ್ಡ ಸಾಹೇಬರ ಮಧ್ಯೆನೂ ನಡೆದಿದೆ. ಅದರ ಕಥೆ ಬರೀತಿದ್ದೀನಿ. ಇಂಗ್ಲಿಷ್‌ನಲ್ಲಿ ಇದ್ದದ್ದನ್ನ ಮಗಳ ಕೈಲಿ ಓದಿಸಿ, ಬಿಡಿಸಿ ಕೇಳಿ ತಿಳ್ಕೊಂಡಿದ್ದು. ಉದ್ದ ಇದೆ, ಬಿಡುವಾದಾಗ ಓದಿ.

1864ರಲ್ಲಿ ಬ್ರಿಟಿಷರು ನಮ್ಮ ದೇಶಕ್ಕೆ ಅರಣ್ಯ ಇಲಾಖೆ ಅಂತ ಮಾಡಿದ್ರು. ಮೊದಲ ಮುಖ್ಯಸ್ಥ ಡೀಟ್ರಿಚ್ ಬ್ರಾಂಡಿಸ್, ಜರ್ಮನಿಯವನು, ಸಸ್ಯಶಾಸ್ತ್ರ ಓದಿದವನು. ಅವನು ಕಲಿತು ಬಂದ ಯೂರೋಪಿನ ಅರಣ್ಯಶಾಸ್ತ್ರಕ್ಕೆ ಬೆಂಕಿ ಅಂದ್ರೆ ಶತ್ರು. ಇಲ್ಲಿ ಬಂದು ನೋಡಿದ್ರೆ ಬೇಸಿಗೆ ಬಂತು ಅಂದ್ರೆ ಕಾಡೆಲ್ಲ ಉರೀತಿದೆ. ದನ ಕಾಯೋರು ಚಿಗುರು ಹುಲ್ಲಿಗೆ ಹಾಕ್ತಾರೆ, ಕುಮರಿ ಬೇಸಾಯದೋರು ಹೊಲಕ್ಕೆ ಹಾಕ್ತಾರೆ, ಜೇನು ಕೀಳೋರ ಪಂಜಿನಿಂದ ಕಿಡಿ ಬೀಳುತ್ತೆ. ಮಧ್ಯ ಪ್ರಾಂತ್ಯದ ಬೋರಿ ಅನ್ನೋ ಕಾಡಲ್ಲಿ, ಈಗಿನ ಮಧ್ಯಪ್ರದೇಶ ಅದು, ಕರ್ನಲ್ ಪಿಯರ್ಸನ್ ಅನ್ನೋ ಅಧಿಕಾರಿ 1860ರ ದಶಕದಲ್ಲಿ ಬೆಂಕಿ ತಡೆಯೋ ಪ್ರಯೋಗ ಶುರು ಮಾಡಿದ. ಸುತ್ತ ಹುಲ್ಲು ಸವರಿ ಗೆರೆ ಹಾಕಿ, ಕಾವಲು ಇಟ್ಟು, ಒಳಗೆ ಬೆಂಕಿ ಹೋಗದ ಹಾಗೆ ನೋಡ್ಕೊಂಡ. ಗಿಡ ಚೆನ್ನಾಗಿ ಬಂತು. ಅಲ್ಲಿಂದ ಮುಂದೆ ಅದೇ ಇಲಾಖೆಯ ಹೆಮ್ಮೆ ಆಯ್ತು. 1878ರ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕೋದನ್ನ ಅಪರಾಧ ಮಾಡ್ತು. ಅದೇ ವರ್ಷ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಶುರುವಾಯ್ತು. ಆ ಕಾಲದ ಅರಣ್ಯ ಶಿಕ್ಷಣದಲ್ಲಿ ಬೆಂಕಿ ಅಂದ್ರೆ ಆರಿಸೋ ವಿಷಯ ಅಷ್ಟೆ. ಬೆಂಕಿ ಬಿದ್ದ ಮೇಲೆ ಯಾವ ಗಿಡ ಸಾಯುತ್ತೆ, ಯಾವುದು ಚಿಗುರುತ್ತೆ ಅನ್ನೋದು ಪಾಠ ಆಗಿರಲಿಲ್ಲ.

ಬೆಂಕಿ ನಿಲ್ಲಿಸಿ ಮೂವತ್ತು ವರ್ಷ ಆಗೋ ಹೊತ್ತಿಗೆ ಬರ್ಮಾದಿಂದ ಬೇರೆ ದನಿ ಬಂತು. ಅಲ್ಲಿ ತೇಗದ ಕಾಡು ಇಲಾಖೆಗೆ ಹಣದ ಗಂಟು. ಬೆಂಕಿ ತಡೆದ ಕಡೆ ಹಳೇ ತೇಗ ನಿಂತಿದೆ, ಆದ್ರೆ ಕೆಳಗೆ ತೇಗದ ಸಸಿ ಇಲ್ಲ. ಬಿದಿರು ಮತ್ತೆ ನೆರಳು ತಡೆಯೋ ಬೇರೆ ಮರಗಳು ನುಗ್ಗಿ ಮುಚ್ಚಿಬಿಟ್ಟಿವೆ. ತೇಗದ ಬೀಜ ನಾವೆಲ್ಲ ನೋಡಿದ್ದೀವಿ, ಕಲ್ಲಿನ ಹಾಗೆ ಗಟ್ಟಿ. ಅದಕ್ಕೆ ಶಾಖ ತಾಗಬೇಕು, ಬೆಳಕು ಬೀಳಬೇಕು. 1896ರಲ್ಲಿ ಸ್ಲೇಡ್ ಅನ್ನೋ ಅಧಿಕಾರಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ, ಬರ್ಮಾದಲ್ಲಿ ಬೆಂಕಿ ರಕ್ಷಣೆ ಅತಿಯಾಯ್ತು ಅಂತ ನೇರವಾಗೇ ಬರೆದ. ಇಲಾಖೆ ಒಳಗೇ ದೊಡ್ಡ ವಾದ ಆಯ್ತು.

ಉತ್ತರ ಭಾರತದ ಸಾಲ್ ಮರದ ಕಾಡಲ್ಲೂ ಇದೇ ಗೋಳು. ಡೆಹ್ರಾಡೂನ್ ಸಂಶೋಧನಾ ಸಂಸ್ಥೆಯ ಆರ್.ಎಸ್. ಹೋಲ್ 1910ರ ದಶಕದಲ್ಲಿ ಸಾಲ್ ಸಸಿ ಯಾಕೆ ಸಾಯ್ತಾವೆ ಅಂತ ಕುಂಡದಲ್ಲಿ, ಕಾಡಲ್ಲಿ ಬೆಳೆಸಿ ನೋಡಿದ. ವರ್ಷಗಟ್ಟಲೆ ಸುಡದೆ ಬಿಟ್ಟ ತರಗಿನ ದಪ್ಪ ಪದರ ಮಳೆಗಾಲದಲ್ಲಿ ನೆನೆದು, ಬೇರಿಗೆ ಗಾಳಿ ಆಡದ ಹಾಗೆ ಮಾಡಿ ಸಸಿ ಕೊಲ್ತಿತ್ತು. ಮಡಿಯಲ್ಲಿ ನೀರು ನಿಂತು ಪೈರು ಹಳದಿಯಾಗೋದನ್ನ ನೋಡಿದ ನಮಗೆ ಇದು ಹೊಸದಲ್ಲ. ಕೊನೆಗೆ ಹಲವು ಕಡೆ ಇಲಾಖೆ 'ಅರ್ಲಿ ಬರ್ನಿಂಗ್'ಗೆ ಬಂತು. ಹುಲ್ಲು ಅರ್ಧ ಒಣಗಿ, ಬುಡದಲ್ಲಿ ಇನ್ನೂ ಹಸಿ ಇರುವಾಗಲೇ, ಇಬ್ಬನಿ ಬೀಳೋ ದಿನಗಳಲ್ಲಿ ತೆಳುವಾಗಿ ಸುಟ್ಟುಬಿಡೋದು. ಸುಟ್ಟ ಜಾಗದಲ್ಲಿ ಆಮೇಲೆ ಬೇಸಿಗೆಯ ದೊಡ್ಡ ಬೆಂಕಿ ಹತ್ತಕ್ಕೆ ಏನೂ ಉಳಿದಿರಲ್ಲ. ಕಾಡಿನ ಜನ ಮೊದಲಿಂದ ಮಾಡ್ತಿದ್ದುದಕ್ಕೆ ಇದು ಹತ್ತಿರದ್ದೇ. ಆದ್ರೆ ಇಲಾಖೆಯೋರು ಮಾಡಿದ್ರೆ ಕ್ರಮ, ಅವರು ಮಾಡಿದ್ರೆ ಕೇಸು. ಕಾಯ್ದೆ ಹಾಗೇ ಉಳೀತು.

ಈಗ ಅಮೆರಿಕಕ್ಕೆ ಹೋಗ್ತೀನಿ. ಯಾಕೆ ಅಂದ್ರೆ ಇದೇ ತಪ್ಪು ದಾರಿಯಲ್ಲಿ ಅವರೂ ಹೋದ್ರು, ಆದ್ರೆ ವಾಪಸ್ ಬಂದ ಮೇಲೆ ಬೆಂಕಿ ಹಾಕೋರಿಗೆ ಒಂದು ಶಾಲೆನೇ ಕಟ್ಟಿದ್ರು. ನಮ್ಮಲ್ಲಿ ಅರ್ಧಕ್ಕೇ ನಿಂತ ಕಥೆ ಅಲ್ಲಿ ಮುಂದಕ್ಕೆ ಹೋಗಿದೆ.

ಅಲ್ಲಿ ಅರಣ್ಯ ಸೇವೆ ಶುರುವಾದದ್ದು 1905ರಲ್ಲಿ. 1910ರ ಆಗಸ್ಟ್‌ನಲ್ಲಿ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟು, ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ಪೆಟ್ಟು ತಿಂದ ಇಲಾಖೆ ಬೆಂಕಿ ಅನ್ನೋ ಪದಾನೇ ಸಹಿಸದ ಹಾಗಾಯ್ತು. 1935ರಲ್ಲಿ ಒಂದು ನಿಯಮ ಬಂತು: ಇವತ್ತು ಕಂಡ ಬೆಂಕಿ ನಾಳೆ ಬೆಳಿಗ್ಗೆ 10 ಗಂಟೆ ಒಳಗೆ ಹತೋಟಿಗೆ ಬರಬೇಕು.

ಆ ದೇಶದ ದಕ್ಷಿಣದಲ್ಲಿ, ಜಾರ್ಜಿಯಾ, ಫ್ಲೋರಿಡಾ ಕಡೆ, ಲಾಂಗ್‌ಲೀಫ್ ಪೈನ್ ಅನ್ನೋ ಮರದ ಕಾಡು. ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಇತ್ತಂತೆ. ಅಲ್ಲಿನ ಮೂಲ ನಿವಾಸಿಗಳು ಸುಡ್ತಿದ್ರು, ಆಮೇಲೆ ಬಂದ ಬಡ ರೈತರು, ದನಗಾಹಿಗಳೂ ಚಳಿಗಾಲ ಬಂತು ಅಂದ್ರೆ ಸುಡ್ತಿದ್ರು. ಈ ಮರದ ಸಸಿ ನೋಡಕ್ಕೆ ವಿಚಿತ್ರ. ಹುಟ್ಟಿದ ಮೇಲೆ ಕೆಲವು ವರ್ಷ ಮೇಲಕ್ಕೇ ಏಳಲ್ಲ, ಹುಲ್ಲಿನ ಕುಚ್ಚಿನ ಹಾಗೆ ನೆಲಕ್ಕೆ ಕೂತಿರುತ್ತೆ. ಬೇರು ಮಾತ್ರ ಆಳಕ್ಕೆ ಇಳೀತಾ ಇರುತ್ತೆ. ಬೆಂಕಿ ಬಂದ್ರೆ ಉದ್ದನೆ ಎಲೆ ಸುಡುತ್ತೆ, ಒಳಗಿನ ಮೊಗ್ಗು ಉಳಿಯುತ್ತೆ. ಎಲೆಗೆ ಬರೋ ಕಂದು ಚುಕ್ಕೆ ರೋಗನೂ ಆ ಬೆಂಕಿಯಲ್ಲೇ ಹೋಗುತ್ತೆ. ಅದು ಬೆಂಕಿ ಜೊತೆ ಬೆಳೆದ ಮರ. ಇದನ್ನ ಯೇಲ್ ವಿಶ್ವವಿದ್ಯಾಲಯದ ಚಾಪ್‌ಮನ್ ಅನ್ನೋ ಮೇಷ್ಟ್ರು 1920ರ ದಶಕದಲ್ಲೇ ಹೇಳಿದ್ರು, ಇಲಾಖೆ ಕಿವಿಗೆ ಹಾಕ್ಕೊಳ್ಳಲಿಲ್ಲ. ಬದಲಿಗೆ ಅದೇ ಕಾಲಕ್ಕೆ ಅರಣ್ಯ ಪ್ರೇಮಿಗಳ ಸಂಘದೋರು ಟ್ರಕ್ಕಿನಲ್ಲಿ ಸಿನಿಮಾ ಪರದೆ ಕಟ್ಕೊಂಡು ಊರೂರು ತಿರುಗಿ, ಸುಡಬೇಡಿ ಅಂತ ರೈತರಿಗೆ ಬುದ್ಧಿ ಹೇಳ್ತಿದ್ರು.

ಈಗ ಬರ್ತಾನೆ ನನಗೆ ಇಷ್ಟವಾದ ಮನುಷ್ಯ, ಹರ್ಬರ್ಟ್ ಸ್ಟಾಡರ್ಡ್. ಹೆಚ್ಚು ಓದಿದವನಲ್ಲ, ಶಾಲೆ ಅರ್ಧಕ್ಕೇ ಬಿಟ್ಟವನು. ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ಮ್ಯೂಸಿಯಂಗೆ ನಿಲ್ಲಿಸೋ ಕೆಲಸ ಮಾಡ್ತಿದ್ದ. ಚಿಕ್ಕವನಿದ್ದಾಗ ಫ್ಲೋರಿಡಾದಲ್ಲಿ ದನಗಾಹಿಗಳ ಜೊತೆ ಬೆಳೆದು, ಅವರು ಹೇಗೆ ಸುಡ್ತಾರೆ ಅಂತ ಕಣ್ಣಾರೆ ನೋಡಿದ್ದ. 1924ರಲ್ಲಿ ಜಾರ್ಜಿಯಾ ಫ್ಲೋರಿಡಾ ಗಡಿಯ ಶ್ರೀಮಂತ ಜಮೀನುದಾರರಿಗೆ ಒಂದು ಚಿಂತೆ: ಅವರು ಬೇಟೆಯಾಡೋ ಬಾಬ್‌ವೈಟ್ ಹಕ್ಕಿ, ನಮ್ಮ ಬುರ್ಲಿ, ಲಾವಕ್ಕಿ ತರದ್ದು, ಕಡಿಮೆ ಆಗ್ತಿದೆ. ಅದನ್ನ ಪರೀಕ್ಷೆ ಮಾಡಕ್ಕೆ ಸರ್ಕಾರದ ಕಡೆಯಿಂದ ಬಂದವನು ಇವನು. ವರ್ಷಗಟ್ಟಲೆ ಗೂಡು ಎಣಿಸಿದ, ಹಕ್ಕಿ ಏನು ತಿನ್ನುತ್ತೆ ನೋಡಿದ. ಗೊತ್ತಾದದ್ದು ಏನು ಅಂದ್ರೆ, ಸುಡೋದು ನಿಂತ ಕಡೆ ಒಣ ಹುಲ್ಲು, ಪೊದೆ ಗಿಜಿಗಿಜಿ ಅಂತ ಬೆಳೆದು ಹಕ್ಕಿ ನಡೆಯಕ್ಕೂ ಜಾಗ ಇಲ್ಲ. ಅದು ತಿನ್ನೋ ಕಾಡು ಅವರೆ ಜಾತಿ ಕಾಳಿನ ಗಿಡಗಳೂ ಮಾಯ. 1931ರಲ್ಲಿ ಇವನ ಪುಸ್ತಕ ಬಂತು. ಬೆಂಕಿ ಬಗ್ಗೆ ಇದ್ದ ಅಧ್ಯಾಯಕ್ಕೆ ಅರಣ್ಯ ಇಲಾಖೆಯೋರು ತಕರಾರು ತೆಗೆದು, ಮತ್ತೆ ಮತ್ತೆ ತಿದ್ದಿ ಬರೆಯೋ ಹಾಗೆ ಮಾಡಿದ್ರು. ಶಾಲೆ ಬಿಟ್ಟವನು ದಿನಾ ಹೊಲ ಸುತ್ತಿ ನೋಡಿದ್ದನ್ನ ಆಫೀಸಿನೋರು ತಿದ್ದೋದು, ಇದು ಎಲ್ಲ ದೇಶದಲ್ಲೂ ಒಂದೇ ಅಂತ ಕಾಣುತ್ತೆ.

1940ರ ದಶಕದ ಶುರುವಿನ ಬರಗಾಲದಲ್ಲಿ, ಸುಡದೇ ಬಿಟ್ಟ ಕಾಡುಗಳೇ ಭಯಂಕರವಾಗಿ ಉರಿದವು. 1943ರಲ್ಲಿ ಅರಣ್ಯ ಸೇವೆಯ ಮುಖ್ಯಸ್ಥ ಲೈಲ್ ವಾಟ್ಸ್ ದಕ್ಷಿಣದ ಸರ್ಕಾರಿ ಕಾಡಲ್ಲಿ ಬೆಂಕಿ ಹಾಕಿ ನಿರ್ವಹಣೆ ಮಾಡಕ್ಕೆ ಒಪ್ಪಿಗೆ ಕೊಟ್ಟ. 1958ರಲ್ಲಿ ಸ್ಟಾಡರ್ಡ್ ಮತ್ತೆ ಅವನ ಜೊತೆಗಾರರು ಟಾಲ್ ಟಿಂಬರ್ಸ್ ಅನ್ನೋ ಸಂಶೋಧನಾ ಕೇಂದ್ರ ಕಟ್ಟಿದ್ರು. 1962ರಿಂದ ಅಲ್ಲಿ ಬೆಂಕಿ ಬಗ್ಗೆನೇ ಸಮ್ಮೇಳನ ಶುರುವಾಯ್ತು. 1990ರಲ್ಲಿ ಫ್ಲೋರಿಡಾ ರಾಜ್ಯ ಒಂದು ಕಾಯ್ದೆ ಮಾಡ್ತು: ತರಬೇತಿ ಪಡೆದು ಸರ್ಟಿಫಿಕೇಟ್ ತಗೊಂಡವರು ಲಿಖಿತ ಯೋಜನೆ ಮಾಡಿ, ಅನುಮತಿ ಪಡೆದು ಬೆಂಕಿ ಹಾಕಬಹುದು, ಅದು ಜಮೀನುದಾರನ ಹಕ್ಕು. 1998ರಲ್ಲಿ ಆ ರಾಜ್ಯದ ರಾಜಧಾನಿ ಟಲಹಾಸಿಯಲ್ಲಿ ಬೆಂಕಿ ಹಾಕೋರ ತರಬೇತಿ ಕೇಂದ್ರ ಶುರುವಾಯ್ತು. ಸುಮಾರು ಇಪ್ಪತ್ತು ದಿನದ ತರಬೇತಿ. ಕೂತು ಪಾಠ ಕೇಳೋದಕ್ಕಿಂತ, ಇವತ್ತು ಈ ಕಾಡು, ನಾಳೆ ಆ ಕಾಡು ಅಂತ ಕರ್ಕೊಂಡು ಹೋಗಿ ಕೈಯಿಂದಲೇ ಮಾಡಿಸ್ತಾರೆ.

ಅವರು ಈ ಬೆಂಕಿಗೆ ಇಟ್ಟ ಹೆಸರು ನೋಡಿ, 'ಪ್ರಿಸ್ಕ್ರೈಬ್ಡ್ ಫೈರ್'. ಡಾಕ್ಟರು ಔಷಧಿ ಚೀಟಿ ಬರೀತಾರಲ್ಲ, ಅದೇ ಪದ. ಅವರ ಕೋರ್ಸುಗಳ ಹೆಸರೂ ಹಾಗೇ ಇದೆ. ಬೆಂಕಿಯ ಪರಿಣಾಮದ ಮೊದಲ ಪಾಠ ಆರ್‌ಎಕ್ಸ್-310, ಮೇಲಿನ ತರಗತಿ ಆರ್‌ಎಕ್ಸ್-510. ಬೆಂಕಿ ಹಚ್ಚೋದು ಯಾರಿಗೂ ಕಲಿಸಬೇಕಾಗಿಲ್ಲ. ಈ ಬೆಂಕಿ ಏನನ್ನ ಕೊಲ್ಲುತ್ತೆ, ಏನನ್ನ ಉಳಿಸುತ್ತೆ ಅಂತ ಹಚ್ಚೋ ಮೊದಲೇ ಹೇಳಕ್ಕೆ ಬರಬೇಕು. ಅದೇ ಅಲ್ಲಿಯ ಪಾಠ.

ಕೆಲವನ್ನ ಹೇಳ್ತೀನಿ, ನಮಗೂ ತಿಳಿದಿರಲಿ.

ಗಿಡದ ಜೀವ ಇರೋ ಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಂದು ನಿಮಿಷದೊಳಗೆ ಸಾಯುತ್ತೆ. ಹಾಗಾದ್ರೆ ಗಾಳಿ 15 ಡಿಗ್ರಿ ಇರೋ ಬೆಳಿಗ್ಗೆ ಮೊಗ್ಗು ಸಾಯಬೇಕಾದ್ರೆ 45 ಡಿಗ್ರಿ ಏರಬೇಕು. 38 ಡಿಗ್ರಿ ಇರೋ ಮಧ್ಯಾಹ್ನ 22 ಡಿಗ್ರಿ ಏರಿದ್ರೆ ಸಾಕು. ಅಂದ್ರೆ ಒಂದೇ ಎತ್ತರದ ಜ್ವಾಲೆ ಬೆಳಿಗ್ಗೆ ಹಾಕಿದ್ರೆ ಕೆಳಗಿನ ಕೊಂಬೆ ಬಾಡುತ್ತೆ, ಬಿಸಿಲಲ್ಲಿ ಹಾಕಿದ್ರೆ ನೆತ್ತಿವರೆಗೂ ಬಾಡುತ್ತೆ. ಇದೊಂದು ಲೆಕ್ಕ ಸಾಕು, ಡಿಸೆಂಬರ್ ಬೆಂಕಿಗೂ ಮಾರ್ಚ್ ಬೆಂಕಿಗೂ ಯಾಕೆ ಅಷ್ಟು ವ್ಯತ್ಯಾಸ ಅಂತ ಗೊತ್ತಾಗಕ್ಕೆ.

ಗಾಳಿ ಜೊತೆ ಹೋಗೋ ಬೆಂಕಿ ಬೇಗ ಓಡುತ್ತೆ, ಜ್ವಾಲೆ ಎತ್ತರ. ಗಾಳಿಗೆ ಎದುರು ಹೋಗೋ ಬೆಂಕಿ ಗಿಡ್ಡ, ನಿಧಾನ. ಎದುರು ಬೆಂಕಿನೇ ಸುರಕ್ಷಿತ ಅಂತ ನಾವು ಅಂದ್ಕೊಂಡಿದ್ದೀವಿ, ತಡೆಯಕ್ಕೆ ಸುಲಭ ನಿಜ. ಆದ್ರೆ ಅದು ಒಂದೊಂದು ಮರದ ಬುಡದಲ್ಲೂ ಹೆಚ್ಚು ಹೊತ್ತು ನಿಲ್ಲುತ್ತೆ. ತೊಗಟೆ ತೆಳ್ಳಗಿರೋ ಮರಕ್ಕೆ ಬುಡದಲ್ಲೇ ಪೆಟ್ಟು. ಯಾವ ಮರ ಉಳಿಸಬೇಕು ಅನ್ನೋದರ ಮೇಲೆ ಯಾವ ಬೆಂಕಿ ಅಂತ ಆಯ್ಕೆ.

ಕಾಲದ ವಿಷಯ ಇನ್ನೂ ಸೂಕ್ಷ್ಮ. ಆ ಪೈನ್ ಕಾಡಿನ ಕೆಳಗೆ ವೈರ್‌ಗ್ರಾಸ್ ಅನ್ನೋ ಹುಲ್ಲು ಇದೆ. ಚಳಿಗಾಲದಲ್ಲೇ ಸುಟ್ಕೊಂಡು ಬಂದ ಕಡೆ ಅದು ಹೂ ಬಿಟ್ಟು ಬೀಜ ಕಟ್ಟೋದು ಬಲು ಕಡಿಮೆ. ಸಿಡಿಲಿನಿಂದ ತಾನಾಗೇ ಬೆಂಕಿ ಬೀಳ್ತಿದ್ದ ಮೇ, ಜೂನ್‌ನಲ್ಲಿ ಸುಟ್ಟರೆ ಮಾತ್ರ ಹೊಲ ತುಂಬ ಹೂ. ಸ್ಟಾಡರ್ಡ್ ಕಾಲದಲ್ಲಿ ಚಳಿಗಾಲದ ಬೆಂಕಿಯೇ ರೂಢಿ. ಇದು ಆಮೇಲೆ ಗೊತ್ತಾದ ವಿಷಯ.

ಎಲ್ಲಕ್ಕಿಂತ ನನ್ನನ್ನ ಯೋಚನೆಗೆ ಹಚ್ಚಿದ್ದು ಇದು. ಐವತ್ತು, ಅರವತ್ತು ವರ್ಷ ಬೆಂಕಿ ಕಾಣದ ಪೈನ್ ಕಾಡಿಗೆ, ಹಳೇ ಪದ್ಧತಿ ವಾಪಸ್ ತರೋಣ ಅಂತ ಬೆಂಕಿ ಹಾಕಿದ್ರು. ಜ್ವಾಲೆ ಮೊಣಕಾಲೆತ್ತರ ಅಷ್ಟೆ. ಮೇಲೆ ಎಲೆ ಹಸಿರಾಗೇ ಇತ್ತು, ಎಲ್ಲ ಸರಿ ಹೋಯ್ತು ಅಂದ್ಕೊಂಡ್ರು. ವರ್ಷ, ಎರಡು ವರ್ಷ ಕಳೆದ ಮೇಲೆ ದೊಡ್ಡ ದೊಡ್ಡ ಹಳೇ ಮರಗಳೇ ಒಣಗಿದವು. ಬೆಂಕಿಗಾಗೇ ಹುಟ್ಟಿದ ಮರ ಬೆಂಕಿಯಿಂದಲೇ ಸತ್ತಿತು! ಕಾರಣ ಕೇಳಿ: ಅಷ್ಟು ವರ್ಷ ಸುಡದೆ ಬುಡದಲ್ಲಿ ತರಗು ಕೊಳೆತು ದಪ್ಪ ಮೆತ್ತೆ ಆಗಿತ್ತು. ಮರ ತನ್ನ ಸಣ್ಣ ಬೇರನ್ನ ಆ ಮೆತ್ತೆ ಒಳಗೇ ಹರಡಿತ್ತು. ಜ್ವಾಲೆ ಹೋದ ಮೇಲೆ ಆ ಮೆತ್ತೆ ಬೂದಿ ಒಳಗಿನ ಕೆಂಡದ ಹಾಗೆ ದಿನಗಟ್ಟಲೆ ಹೊಗೆಯಾಡಿ ಬೇರನ್ನೂ ಬುಡವನ್ನೂ ಬೇಯಿಸಿಬಿಟ್ಟಿತ್ತು. ಈಗ ಅಂಥ ಕಾಡಿಗೆ ಮಳೆ ಬಿದ್ದು ಆ ಮೆತ್ತೆ ಒದ್ದೆ ಇರುವಾಗ ಮೇಲಿನ ತೆಳು ಪದರ ಮಾತ್ರ ಸುಡೋ ಹಾಗೆ, ಸ್ವಲ್ಪ ಸ್ವಲ್ಪ ಮಾಡಿ, ವರ್ಷಗಳ ಮೇಲೆ ಇಳಿಸ್ಕೊಂಡು ಬರ್ತಾರೆ.

ಇಷ್ಟೆಲ್ಲ ಕಲಿತರೂ ಕೈ ತಪ್ಪಿದ್ದಿದೆ, ಅದನ್ನ ಮುಚ್ಚಿಡಬಾರದು. 2000ದ ಮೇ ತಿಂಗಳಲ್ಲಿ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಇಲಾಖೆಯೋರು ಹಾಕಿದ ಬೆಂಕಿ ಗಾಳಿಗೆ ಎದ್ದು ಲಾಸ್ ಅಲಮೋಸ್ ಊರಿಗೆ ನುಗ್ಗಿ ನಾನೂರು ಕುಟುಂಬ ಬೀದಿಗೆ ಬಂದವು. 2022ರಲ್ಲಿ ಅದೇ ರಾಜ್ಯದಲ್ಲಿ ಹೀಗೇ ಹಾಕಿದ ಎರಡು ಬೆಂಕಿ ಸೇರಿ 3 ಲಕ್ಷ 41 ಸಾವಿರ ಎಕರೆ ಸುಟ್ಟವು. ಅದರಲ್ಲಿ ಒಂದು, ಜನವರಿಯಲ್ಲಿ ಹಾಕಿ ಆರಿತು ಅಂದ್ಕೊಂಡಿದ್ದ ಕಟ್ಟಿಗೆ ರಾಶಿಯ ಬೆಂಕಿ. ಹಿಮದ ಕೆಳಗೂ ಬದುಕಿದ್ದು ಏಪ್ರಿಲ್‌ನಲ್ಲಿ ಎದ್ದಿತ್ತು. ಆಮೇಲೆ ತೊಂಬತ್ತು ದಿನ ಇಡೀ ದೇಶದ ಸರ್ಕಾರಿ ಕಾಡಲ್ಲಿ ಬೆಂಕಿ ಹಾಕೋದು ನಿಲ್ಲಿಸಿ, ಎಲ್ಲಿ ತಪ್ಪಾಯ್ತು ಅಂತ ಪರಿಶೀಲನೆ ಮಾಡಿದ್ರು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 'ತರಗು ಬೆಂಕಿ' ಅಂತ ಹಾಕ್ತಿದ್ರು. ಎಲೆ ಉದುರಿದ ಹೊಸದರಲ್ಲಿ, ಹುಲ್ಲು ಪೂರ್ತಿ ಒಣಗೋ ಮೊದಲು, ನೆಲದ ತರಗು ಮಾತ್ರ ಸುಟ್ಟು ತಾನೇ ಆರೋ ಬೆಂಕಿ. ನೆಲ್ಲಿ ಮರಕ್ಕೆ ಹತ್ತೋ ಬದನಿಕೆ, ಅವರು ಉಪ್ಪಿಲು ಅಂತಾರೆ, ಈ ಬೆಂಕಿಯಿಂದ ಹತೋಟಿಲಿ ಇರ್ತಿತ್ತು ಅಂತ ಹೇಳ್ತಾರೆ. 1974ರಲ್ಲಿ ಅಭಯಾರಣ್ಯ ಆಯ್ತು, ಜನರನ್ನ ಒಳಗಿಂದ ತಂದು ರಸ್ತೆ ಪಕ್ಕ ಕೂರಿಸಿದ್ರು, ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿತು. 1997ರಲ್ಲೂ 2008ರಲ್ಲೂ ಅದೇ ಕಾಡನ್ನ ಅಳೆದು ನೋಡಿದೋರು, ಆ ಹನ್ನೊಂದು ವರ್ಷದಲ್ಲಿ ಲಂಟಾನ ಇರೋ ಜಾಗ ಸುಮಾರು ದುಪ್ಪಟ್ಟು ಆಗಿದೆ ಅಂತ ಬರೆದಿದ್ದಾರೆ. ಬೆಂಕಿ ನಿಲ್ಲಿಸಿದ್ದೇ ಕಾರಣ ಅಂತ ಸೋಲಿಗ ಹಿರಿಯರ ಮಾತು.

ಇಷ್ಟು ಓದಿ, "ಹಾಗಾದ್ರೆ ಹಾಕೋಣ" ಅನ್ನೋರಿಗೆ ಬಂಡೀಪುರದ ಪಕ್ಕದ ಮುದುಮಲೈ ಲೆಕ್ಕ ಹೇಳ್ತೀನಿ. ಇಪ್ಪತ್ತನೇ ಶತಮಾನದ ಶುರುವಲ್ಲಿ ಅಲ್ಲಿ ಒಂದು ಜಾಗಕ್ಕೆ ಸುಮಾರು 10 ವರ್ಷಕ್ಕೆ ಒಮ್ಮೆ ಬೆಂಕಿ ಬೀಳ್ತಿತ್ತು. ಅದೇ ಶತಮಾನದ ಕೊನೆಗೆ ಸುಮಾರು 3 ವರ್ಷಕ್ಕೆ ಒಮ್ಮೆ. ಇದು ತರಗು ಬೆಂಕಿ ಅಲ್ಲ, ಹೆಚ್ಚಿನದು ಬಿರು ಬೇಸಿಗೆಯ ಬೆಂಕಿ. ಅಷ್ಟು ಪದೇ ಪದೇ ಬಿದ್ದರೆ ಸಸಿ ಮರ ಆಗಕ್ಕೆ ಸಮಯವೇ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮೇಲೆ ಸುಟ್ಟು, ವಾಯುಸೇನೆ ಹೆಲಿಕಾಪ್ಟರ್‌ನಲ್ಲಿ ನೀರು ಸುರಿದಿದ್ದು ನೆನಪಿರಬೇಕು. ಅದಕ್ಕೆ ಎರಡು ವರ್ಷ ಮೊದಲು ಬೆಂಕಿ ಆರಿಸಕ್ಕೆ ಹೋಗಿ ಅರಣ್ಯ ರಕ್ಷಕನೊಬ್ಬ ಸತ್ತ.

ಆಮೇಲೆ ಲಂಟಾನ. ಅಲ್ಲಿ ಪೈನ್ ಬುಡದ ಮೆತ್ತೆ ಏನೋ, ಇಲ್ಲಿ ಲಂಟಾನ ಅದೇ. ಆಳುದ್ದ ಪೊದೆ, ಒಣ ಕಡ್ಡಿ ಒಳಗೆ ತುಂಬಿರುತ್ತೆ, ಮರಕ್ಕೆ ಹಬ್ಬಿ ಕೊಂಬೆವರೆಗೂ ಹೋಗಿರುತ್ತೆ. ಅಜ್ಜನ ಕಾಲದಲ್ಲಿ ಪಾದದೆತ್ತರ ಹೋಗ್ತಿದ್ದ ಬೆಂಕಿ ಈಗ ಆ ಏಣಿ ಹತ್ತಿ ಮತ್ತಿ, ದಿಂಡಿಲು ಮರದ ನೆತ್ತಿ ಮುಟ್ಟುತ್ತೆ. ಮಳೆ ಬಿದ್ದ ಮೇಲೆ ಮೊದಲು ಚಿಗುರೋದೂ ಲಂಟಾನದ ಬುಡವೇ. ಹಾಗಾಗಿ ಹಿಂದೆ ಹಾಕ್ತಿದ್ರು ಅನ್ನೋ ಮಾತು ನಿಜ ಆದ್ರೂ, ಹಾಕ್ತಿದ್ದ ಕಾಡು ಈಗ ಇಲ್ಲ. ಮೊದಲು ಲಂಟಾನ ಬೇರು ಸಮೇತ ಕಿತ್ತು, ಹುಲ್ಲು ಬಂದ ಮೇಲೆ, ಸಣ್ಣ ಜಾಗದಲ್ಲಿ, ಗೊತ್ತಿರೋ ಹಿರಿಯರನ್ನ ಮುಂದೆ ನಿಲ್ಲಿಸಿಕೊಂಡು ಇಲಾಖೆಯೇ ಪರೀಕ್ಷೆ ಮಾಡಿ ನೋಡಬೇಕಾದ ಕೆಲಸ ಅದು. ನಾವು ನೀವು ಬೆಂಕಿಪೊಟ್ಟಣ ಹಿಡ್ಕೊಂಡು ಹೋಗೋ ಕೆಲಸ ಅಲ್ಲ. ಕಾನೂನೂ ಬಿಡಲ್ಲ, ಕಾಡೂ ತಡೆಯಲ್ಲ.

ಈಗಲೂ ಇಲಾಖೆ ಡಿಸೆಂಬರ್, ಜನವರಿಯಲ್ಲಿ ಬೆಂಕಿ ರೇಖೆ ಸವರಿ ಸುಡುತ್ತೆ. ಆ ಕೆಲಸಕ್ಕೆ, ಬೇಸಿಗೆ ಕಾವಲಿಗೆ ದಿನಗೂಲಿ ಮೇಲೆ ಬರೋರಲ್ಲಿ ಹಾಡಿಯ ಹುಡುಗರೇ ಹೆಚ್ಚು. ಅವರ ಅಜ್ಜಂದಿರಿಗೆ ಯಾವ ತರಗು ಯಾವ ದಿನ ಎಷ್ಟು ಉರಿಯುತ್ತೆ ಅಂತ ಗೊತ್ತಿತ್ತು. ಹುಡುಗರಿಗೆ ಕೊಡೋದು ಸೊಪ್ಪಿನ ಕೊಂಬೆ, ಬೆನ್ನಿಗೆ ಗಾಳಿ ಊದೋ ಮೆಷಿನ್ನು. ಅಜ್ಜಂದಿರಲ್ಲಿ ಇನ್ನೂ ಕೆಲವರು ಇದ್ದಾರೆ. ಪೋಡಿನ ಕಡೆ ನಿಮಗೆ ಪರಿಚಯ ಇದ್ದು, ತರಗು ಬೆಂಕಿ ಹಾಕುವಾಗ ಏನೇನು ನೋಡ್ತಿದ್ರು, ಇಬ್ಬನಿಯೋ, ಗಾಳಿಯೋ, ಯಾವ ಮರದ ಎಲೆ ಉದುರೋದನ್ನ ಲೆಕ್ಕ ಹಿಡೀತಿದ್ರೋ, ಕೇಳಿ ತಿಳಿದಿದ್ರೆ ಕೆಳಗೆ ಬರೀರಿ. ಮುಂದಿನ ಸಲ 1921ರಲ್ಲಿ ಕುಮಾವೋನ್ ಬೆಟ್ಟದ ಜನ ಸಿಟ್ಟಿಗೆ ಸರ್ಕಾರಿ ಪೈನ್ ಕಾಡಿಗೇ ಬೆಂಕಿ ಇಟ್ಟ ಕಥೆ ಬರೀತೀನಿ.